ಕರೆಂಟ್ ಕೊಡೋರಿಗೆ ನಮ್ಮ ಕಡೆ ಕೆಲಸ ಐತಾ?

ಪ್ರಶ್ನೆ: ನಾನು ಚನ್ನಗಿರಿ ತಾಲೂಕಿನ ಅಡಿಕೆ ಬೆಳೆಗಾರ, ಮೂರು ಎಕರೆ ತೋಟ. ಮಗಳು ಪಿಯುಸಿ ವಿಜ್ಞಾನ ಮುಗಿಸಿದ್ದಾಳೆ, ಶಾಲೆಯ ದಿನಗಳಿಂದ ಖೋಖೋ ಆಟಗಾರ್ತಿ. ಎಂಬಿಬಿಎಸ್ ಸೀಟು ಸಿಗುವಷ್ಟು ಅಂಕ ನೀಟ್‌ನಲ್ಲಿ ಬರಲಿಲ್ಲ. ಕೆನಡಾದಲ್ಲಿರುವ ಸಂಬಂಧಿಕರು "ಕಿನೀಸಿಯಾಲಜಿ ಓದಿಸಿ, ಇಲ್ಲಿ ಒಳ್ಳೆ ಬೇಡಿಕೆ ಇದೆ" ಅನ್ನುತ್ತಾರೆ. ದಾವಣಗೆರೆಯ ಕನ್ಸಲ್ಟೆನ್ಸಿಯವರೂ ಅದನ್ನೇ ಹೇಳಿ ಲಕ್ಷಗಳ ಲೆಕ್ಕ ಬರೆದುಕೊಟ್ಟಿದ್ದಾರೆ. ಇಲ್ಲೇ ಫಿಸಿಯೋಥೆರಪಿ ಓದಿಸಿದರೆ ದಾವಣಗೆರೆ, ಚಿತ್ರದುರ್ಗದ ಕಡೆ ಕೆಲಸ ಸಿಗುತ್ತದೆಯೇ? ಒಬ್ಬಳೇ ಮಗಳು, ಕಣ್ಣಳತೆಯಲ್ಲಿ ಇರಲಿ ಎಂದು ಅವಳ ತಾಯಿಯ ಆಸೆ.

ಉತ್ತರ: ಕನ್ಸಲ್ಟೆನ್ಸಿಯವರು ಹೇಳಿದ್ದು ಸುಳ್ಳಲ್ಲ. ಆದರೆ ಅದು ಕೆನಡಾದ ಒಂಟಾರಿಯೋದ ಮಾತು, ಚನ್ನಗಿರಿಯ ಮಾತಲ್ಲ. ಎರಡಕ್ಕೂ ಏನು ವ್ಯತ್ಯಾಸ ಅಂತ ಮೊದಲು ನೋಡಿಬಿಡೋಣ.

ಕಿನೀಸಿಯಾಲಜಿ ಅಂದರೆ ಮೈಯ ಚಲನೆಯ ಶಾಸ್ತ್ರ. ಯಾವ ಸ್ನಾಯು ಯಾವ ಕೀಲನ್ನು ಎಷ್ಟು ಎಳೆಯುತ್ತದೆ, ಬಗ್ಗಿ ಚೀಲ ಎತ್ತಿದರೆ ಸೊಂಟದ ಮೇಲೆ ಭಾರ ಹೇಗೆ ಬೀಳುತ್ತದೆ, ಇಂಥವನ್ನು ಅಲ್ಲಿ ಓದುತ್ತಾರೆ. ಕೆನಡಾದಲ್ಲಿ ಇದು ನಾಲ್ಕು ವರ್ಷದ ಪದವಿ. ಒಂಟಾರಿಯೋ ಪ್ರಾಂತ್ಯದಲ್ಲಂತೂ 2013ರ ಏಪ್ರಿಲ್ 1ರಿಂದ ಕಾನೂನಿನ ಹಿಡಿತಕ್ಕೆ ಬಂದ ವೃತ್ತಿ. ಅಲ್ಲಿನ ನಿಯಂತ್ರಣ ಸಂಸ್ಥೆಯ ಪರೀಕ್ಷೆ ಪಾಸಾಗಿ ನೋಂದಾಯಿಸಿಕೊಳ್ಳದೆ ಯಾರೂ ಕಿನೀಸಿಯಾಲಜಿಸ್ಟ್ ಎಂದು ಬೋರ್ಡು ಹಾಕುವಂತಿಲ್ಲ. ಕಾರು ಅಪಘಾತದಲ್ಲಿ ಪೆಟ್ಟಾದವರು, ಕಾರ್ಖಾನೆಯಲ್ಲಿ ಬೆನ್ನು ಹಿಡಿದವರು, ಹೃದಯದ ಚಿಕಿತ್ಸೆ ಮುಗಿಸಿ ಮತ್ತೆ ನಡಿಗೆ ಶುರುಮಾಡುವವರು, ಇವರೆಲ್ಲ ಅವರ ಬಳಿಗೆ ಬರುತ್ತಾರೆ. ಕೆನಡಾ ಸರಕಾರದ ಜಾಬ್ ಬ್ಯಾಂಕ್ ಈ ವೃತ್ತಿಯನ್ನು ಸಂಗೀತ ಚಿಕಿತ್ಸಕರು, ಕಲಾ ಚಿಕಿತ್ಸಕರು ಮೊದಲಾದವರ ಜೊತೆ ಒಂದೇ ಗುಂಪಿಗೆ ಸೇರಿಸಿ, ಯಾವ ಪ್ರಾಂತ್ಯದಲ್ಲಿ ಅವಕಾಶ ಎಷ್ಟಿದೆ ಎಂದು ಮುಂದಿನ ಕೆಲವು ವರ್ಷಗಳ ಅಂದಾಜು ಕೊಡುತ್ತದೆ. ನಿಮ್ಮ ಸಂಬಂಧಿಕರು ನೋಡಿರುವುದು ಬಹುಶಃ ಅದನ್ನೇ.

ಕನ್ಸಲ್ಟೆನ್ಸಿಯ ಹಾಳೆಯಲ್ಲಿ ಬರೆಯದೆ ಉಳಿದದ್ದೂ ಇದೆ. ಕಿನೀಸಿಯಾಲಜಿಸ್ಟ್ ಅಲ್ಲಿ ಫಿಸಿಯೋಥೆರಪಿಸ್ಟ್ ಅಲ್ಲ. ಫಿಸಿಯೋಥೆರಪಿಸ್ಟ್ ಆಗಲು ಅಲ್ಲಿ ಸ್ನಾತಕೋತ್ತರ ಪದವಿ ಬೇಕು, ಕಿನೀಸಿಯಾಲಜಿ ಓದಿದ ಮಕ್ಕಳಲ್ಲಿ ಎಷ್ಟೋ ಜನ ಮತ್ತೆ ಆ ಸೀಟಿಗಾಗಿಯೇ ಮುಗಿಬೀಳುತ್ತಾರೆ. 2024ರ ಜನವರಿಯಿಂದ ಕೆನಡಾ ವಿದೇಶಿ ವಿದ್ಯಾರ್ಥಿಗಳ ಪರವಾನಗಿಗೆ ಮಿತಿ ಹಾಕಿದೆ. ಇದೆಲ್ಲ ದಾಟಿ ಓದು ಮುಗಿಸಿದ ಹುಡುಗಿ, ತಾಯಿಯ ಆಸೆಯಂತೆ ಊರಿಗೆ ಬಂದಳು ಅನ್ನಿ. ಇಲ್ಲಿ ಅವಳು ಯಾರು? ನಮ್ಮ ದೇಶದಲ್ಲಿ ಕಿನೀಸಿಯಾಲಜಿಸ್ಟ್ ಎಂಬ ಹೆಸರಿನ ನೋಂದಣಿಯೇ ಇಲ್ಲ. ನಮ್ಮ ಫಿಸಿಯೋಥೆರಪಿ ಪದವಿಯಾದ ಬಿಪಿಟಿಯಲ್ಲಿ ಅದು ಬಯೋಮೆಕ್ಯಾನಿಕ್ಸ್ ಜೊತೆಗೆ ಬರುವ ಒಂದು ವಿಷಯ, ದೈಹಿಕ ಶಿಕ್ಷಣದ ಬಿಪಿಎಡ್‌ನಲ್ಲೂ ಒಂದು ವಿಷಯ. ಅಷ್ಟೇ. ಫಿಸಿಯೋಥೆರಪಿಸ್ಟ್ ಎಂದು ಹೇಳಿಕೊಳ್ಳಲು ಆ ಪದವಿ ಸಾಲದು. ವಾಪಸ್ ಬರುವ ಆಸೆ ಇದ್ದವರು ಓದಬಾರದ ಓದು ಅದು, ನನ್ನ ಮಟ್ಟಿಗೆ ಈ ಪ್ರಶ್ನೆ ಇಲ್ಲಿಗೆ ಮುಗಿಯಿತು.

ಇನ್ನು ನಮ್ಮ ಕಡೆಯ ಮಾತು. ಇಲ್ಲಿ ಕೆಲಸ ಬೇಕಾದಷ್ಟು ಇದೆ, ಹುದ್ದೆ ಇಲ್ಲ. ಈ ಎರಡರ ನಡುವೆ ಫಿಸಿಯೋಥೆರಪಿಸ್ಟ್ ಆಗಿ ಇಪ್ಪತ್ತೆರಡು ವರ್ಷ ಜೀವನ ಮಾಡಿದವಳು ನಾನು, ಹಾಗಾಗಿ ಸ್ವಲ್ಪ ಉದ್ದ ಹೇಳುತ್ತೇನೆ.

ಕೆಲಸ ಎಂಥದ್ದು ಅಂತ ನಿಮಗೇ ಗೊತ್ತಿದೆ. ನಿಮ್ಮ ತಾಲೂಕಿನಲ್ಲಿ ಅಡಿಕೆ ಕೊಯ್ಲು ಶುರುವಾದರೆ ದಾವಣಗೆರೆಯ ಮೂಳೆ ಆಸ್ಪತ್ರೆಗಳಿಗೆ ಮರದಿಂದ ಬಿದ್ದವರು ಬರತೊಡಗುತ್ತಾರೆ. ಹೆಚ್ಚಿನವರು ಇಪ್ಪತ್ತೈದು, ಮೂವತ್ತರ ಹುಡುಗರು. ಬಿದ್ದವನನ್ನು ಇಬ್ಬರು ಕೈ ಹಿಡಿದು ಇಬ್ಬರು ಕಾಲು ಹಿಡಿದು ಗೂಡ್ಸ್ ಆಟೋಗೆ ಹಾಕುತ್ತಾರೆ. ಮುರಿದ ಬೆನ್ನೆಲುಬು ಒಳಗಿನ ಬೆನ್ನುಹುರಿಯನ್ನು ಇನ್ನಷ್ಟು ಜಜ್ಜುವುದು ಆಗಲೇ. ಆಪರೇಷನ್ ಆಗುತ್ತದೆ, ಸ್ಕ್ರೂ ಹಾಕುತ್ತಾರೆ, ಹತ್ತು ಹನ್ನೆರಡು ದಿನಕ್ಕೆ ಮನೆಗೆ ಕಳಿಸುತ್ತಾರೆ. ಆಮೇಲೆ? ಸೊಂಟದ ಕೆಳಗೆ ಬಲ ಇಲ್ಲದವನಿಗೆ ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಬೆನ್ನಲ್ಲಿ ಹುಣ್ಣು. ಮೂತ್ರದ ನಳಿಕೆ ನೋಡಿಕೊಳ್ಳುವುದು, ಮಂಚದಿಂದ ಗಾಲಿಕುರ್ಚಿಗೆ ತೋಳಿನ ಬಲದಲ್ಲೇ ದಾಟುವುದು, ಇದನ್ನೆಲ್ಲ ಕಲಿಸಲು ತಿಂಗಳುಗಳು ಬೇಕು. ಕಲಿಸುವವರು ಅವನ ಊರಲ್ಲಿ ಇರುವುದಿಲ್ಲ. ಅಂಥ ಒಂದು ಹುಡುಗನ ಮನೆಗೆ ನಾನು ವಾರಕ್ಕೆರಡು ಸಲ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಇವತ್ತು ಅವನು ಊರಲ್ಲೇ ಮೊಬೈಲ್ ರೀಚಾರ್ಜ್ ಅಂಗಡಿ ಇಟ್ಟುಕೊಂಡಿದ್ದಾನೆ, ಅಂಗಡಿಗೆ ಇಳಿಜಾರು ಮಾಡಿಸಿಕೊಂಡಿದ್ದಾನೆ. ಕಲಿಸಲು ಯಾರೂ ಬಾರದೇ ಹೋದವರ ಕಥೆ ಬರೆಯಲು ಮನಸ್ಸಿಲ್ಲ.

ಈಗೀಗ ಕಾರ್ಬನ್ ಫೈಬರ್ ದೋಟಿ ಬಂದು ಮರ ಹತ್ತುವವರು ಕಮ್ಮಿಯಾಗಿದ್ದಾರೆ, ದೇವರು ಒಳ್ಳೆಯದು ಮಾಡಲಿ. ಆದರೆ ದಿನವಿಡೀ ಮೇಲೆ ನೋಡುತ್ತ ಅಷ್ಟುದ್ದದ ದೋಟಿ ಹಿಡಿದವರ ಕತ್ತು, ಭುಜ ನನ್ನ ಬಳಿಗೆ ಬರತೊಡಗಿವೆ. ಒಂದು ನೋವು ಹೋದ ಜಾಗಕ್ಕೆ ಇನ್ನೊಂದು ಬರುತ್ತದೆ, ನಮ್ಮ ವೃತ್ತಿಯ ಸಂಕಟವೂ ಅದೇ, ಅನ್ನವೂ ಅದೇ.

ಜಗಳೂರು ಕಡೆಗೆ, ಹಾಗೆಯೇ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಮೊಳಕಾಲ್ಮೂರು ಸೀಮೆಗೆ ಹೋದರೆ ಕಥೆ ಬೇರೆ. ಅಲ್ಲಿ ಕೊಳವೆಬಾವಿಯ ನೀರಿನಲ್ಲೇ ಫ್ಲೋರೈಡ್. ಕುಡಿಯುವ ನೀರಿಗೆ ಲೀಟರಿಗೆ 1.5 ಮಿಲಿಗ್ರಾಂ ಮಿತಿ. ಅದನ್ನು ಮೀರಿದ ನೀರನ್ನು ಇಪ್ಪತ್ತು ಮೂವತ್ತು ವರ್ಷ ಕುಡಿದವರ ಹಲ್ಲು ಮಾತ್ರ ಕಂದುವುದಿಲ್ಲ, ಮೂಳೆ ಗಡುಸಾಗುತ್ತದೆ, ಕೀಲಿನ ಸುತ್ತಲಿನ ಪಟ್ಟಿಗಳು ಸುಣ್ಣಗಟ್ಟುತ್ತವೆ, ಬೆನ್ನು ಬಿದಿರಿನ ಹಾಗೆ ಸೆಟೆದು ನಿಲ್ಲುತ್ತದೆ. "ಬಗ್ಗಕ್ಕಾಗಲ್ಲ ತಾಯಿ, ತಿರುಗಕ್ಕಾಗಲ್ಲ" ಅನ್ನುವ ಅಜ್ಜಂದಿರನ್ನು ಕಂಡಿದ್ದೇನೆ; ಹಿಂದಿನಿಂದ ಕರೆದರೆ ಕತ್ತು ತಿರುಗಿಸದೆ ಇಡೀ ಮೈಯನ್ನೇ ತಿರುಗಿಸಿ ನೋಡುತ್ತಾರೆ. ಈ ಗಡಸುತನವನ್ನು ನಾವು ಬಿಡಿಸಲಾರೆವು. ಉಳಿದಷ್ಟು ಚಲನೆಯನ್ನು ಕಾಯಬಹುದು, ಉಸಿರಾಟದ ವ್ಯಾಯಾಮ ಕಲಿಸಬಹುದು, ಬೀಳದಂತೆ ನೋಡಿಕೊಳ್ಳಬಹುದು. ಇಂಥವರ ಬೆನ್ನನ್ನು ಲಟಲಟ ಮುರಿದು ಸರಿಮಾಡುತ್ತೇವೆ ಎಂದು ಮೊಬೈಲಿನಲ್ಲಿ ವಿಡಿಯೋ ಹಾಕುವವರನ್ನು ಕಂಡರೆ ನನಗೆ ನಡುಕ. 2008–09ರಿಂದ ಫ್ಲೋರೋಸಿಸ್ ತಡೆಗೆ ರಾಷ್ಟ್ರೀಯ ಕಾರ್ಯಕ್ರಮವೊಂದಿದೆ. ಅದರ ಕಾಗದದಲ್ಲಿ ಪುನರ್ವಸತಿ ಎಂಬ ಮಾತೂ ಇದೆ, ಹಳ್ಳಿಯ ಜಗುಲಿಯವರೆಗೆ ಬಂದದ್ದನ್ನು ನಾನು ಕಂಡಿಲ್ಲ.

ಮೊಳಕಾಲ್ಮೂರಿನ ರೇಷ್ಮೆ ಸೀರೆ ನೇಯುವವರ ಮಂಡಿ, ಎಪಿಎಂಸಿ ಹಮಾಲರ ಸೊಂಟ, ಮಂಡಕ್ಕಿ ಭಟ್ಟಿಯಲ್ಲಿ ಬೆಂಕಿಯೆದುರು ನಿಂತು ಹುರಿಯುವವರ ಭುಜ, ಭತ್ತದ ನಾಟಿಯಲ್ಲಿ ದಿನಗಟ್ಟಲೆ ಬಗ್ಗಿದ ಹೆಂಗಸರ ಬೆನ್ನು. ಇದಕ್ಕೆಲ್ಲ ಮೇಲೆ ರಾಷ್ಟ್ರೀಯ ಹೆದ್ದಾರಿ 48 ಎರಡೂ ಜಿಲ್ಲೆಗಳ ಎದೆಯ ಮೇಲೇ ಹಾಯುತ್ತದೆ, ಹಿರಿಯೂರಿನಿಂದ ಹರಿಹರದವರೆಗೆ. ಆ ಹೆದ್ದಾರಿ ಕೊಡುವ ತಲೆಪೆಟ್ಟು, ಕಾಲು ಕಳಕೊಂಡವರು ನಮ್ಮ ಹಾಸಿಗೆಗಳನ್ನು ಖಾಲಿ ಬಿಡುವುದಿಲ್ಲ.

ಎಲ್ಲಕ್ಕಿಂತ ಹೆಚ್ಚು ಅಂದರೆ ಲಕ್ವ. ಲಕ್ವ ಹೊಡೆದವರಲ್ಲಿ ಕೈಕಾಲಿನ ಚೇತರಿಕೆ ಹೆಚ್ಚು ವೇಗವಾಗಿ ಆಗುವುದು ಮೊದಲ ಮೂರು ತಿಂಗಳು. ನಮ್ಮ ಜನ ಆ ಮೂರು ತಿಂಗಳನ್ನು ಎಣ್ಣೆ ತಿಕ್ಕಿಸುವುದಕ್ಕೆ, ಪಾರಿವಾಳದ ರಕ್ತ ಹಚ್ಚಿಸುವುದಕ್ಕೆ, ನಾಟಿ ಔಷಧಿಗೆ ಊರೂರು ಸುತ್ತುವುದಕ್ಕೆ ಕಳೆದು, ಐದನೇ ತಿಂಗಳಿಗೆ ನಮ್ಮ ಬಾಗಿಲಿಗೆ ಬರುತ್ತಾರೆ. ಅಷ್ಟರಲ್ಲಿ ಯಾರೋ ಸ್ವಾಧೀನವಿಲ್ಲದ ಕೈಯನ್ನು ಹಿಡಿದೆಳೆದು ಎಬ್ಬಿಸಿ ಭುಜದ ಕೀಲು ಜಾರಿಸಿರುತ್ತಾರೆ. ಬಂದವರು ಕೇಳುವುದೂ ಒಂದೇ: "ಮೇಡಂ, ಎಷ್ಟು ದಿನ ಕರೆಂಟ್ ಇಡ್ತೀರಾ?" ನಮ್ಮ ಕಡೆ ಫಿಸಿಯೋಥೆರಪಿಸ್ಟ್ ಅಂದರೆ ಕರೆಂಟ್ ಕೊಡೋರು. ಯಂತ್ರ ಹಚ್ಚದೆ ಬರೀ ವ್ಯಾಯಾಮ ಹೇಳಿಕೊಟ್ಟರೆ ದುಡ್ಡು ಕೊಡಲು ಅವರಿಗೆ ಮನಸ್ಸು ಬಾರದು. ನಿಮ್ಮ ಮಗಳು ನಾಲ್ಕು ವರ್ಷ ಓದುವುದರಲ್ಲಿ ಮುಕ್ಕಾಲುಪಾಲು ವ್ಯಾಯಾಮ, ಕೈಚಳಕ, ತೀರ್ಮಾನ. ಅವಳಿಗೆ ಜನ ಕೊಡುವ ಹೆಸರು ಮಾತ್ರ ಕರೆಂಟಿನದು. ಇದನ್ನು ಮೊದಲೇ ಹೇಳಿಬಿಡಿ, ಆಮೇಲೆ ಬೇಸರ ಬೇಡ.

ಇಷ್ಟೊಂದು ಕೆಲಸ ಇದ್ದೂ ಹುದ್ದೆ ಏಕಿಲ್ಲ? ದುಡ್ಡು ಕೊಡೋರು ಯಾರು ಅನ್ನುವುದರಲ್ಲಿ ಉತ್ತರ ಇದೆ. ಒಂಟಾರಿಯೋದಲ್ಲಿ ಕಾರಿನ ವಿಮೆ ಕೊಡುತ್ತದೆ, ಕೆಲಸದ ಜಾಗದ ಪೆಟ್ಟಿಗೆ ಅಲ್ಲಿನ ವಿಮಾ ಮಂಡಳಿ ಕೊಡುತ್ತದೆ. ಹಾಗಾಗಿ ಕ್ಲಿನಿಕ್ಕಿನವರು ಧೈರ್ಯವಾಗಿ ನೌಕರರನ್ನು ಇಟ್ಟುಕೊಳ್ಳುತ್ತಾರೆ, ಸರಕಾರ ಅದನ್ನು ಎಣಿಸಿ "ಬೇಡಿಕೆ ಇದೆ" ಎಂದು ಬರೆಯುತ್ತದೆ. ನಮ್ಮಲ್ಲಿ 2018ರಲ್ಲಿ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಕಾರ್ಡಿನಲ್ಲಿ ಆಪರೇಷನ್ ಆಗುತ್ತದೆ, ಆದರೆ ಹೊರರೋಗಿಯಾಗಿ ತಿಂಗಳುಗಟ್ಟಲೆ ಮಾಡಿಸುವ ಫಿಸಿಯೋಥೆರಪಿಗೆ ಅದರಿಂದ ದುಡ್ಡಿಲ್ಲ. ರೋಗಿಯ ಮನೆಯವರು ಜೇಬಿನಿಂದ ಕೊಡಬೇಕು. ಆ ಹೊತ್ತಿಗೆ ಜೇಬು ಬರಿದಾಗಿರುತ್ತದೆ, ದುಡಿಯುವವನೇ ಮಲಗಿರುತ್ತಾನೆ. ಅಲ್ಲಿಗೆ ಆಸ್ಪತ್ರೆಯ ಮಾಲೀಕರಿಗೆ ಈ ವಿಭಾಗ ಲಾಭ ತರುವುದಲ್ಲ, ಇರಲೇಬೇಕು ಅಂತ ಇಟ್ಟುಕೊಳ್ಳುವಂಥದ್ದು. ನಾನು ಮೊದಲು ಕೆಲಸಕ್ಕೆ ಸೇರಿದ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿ ಕೋಣೆ ಮೆಟ್ಟಿಲ ಕೆಳಗೆ ಇತ್ತು. ಉದ್ದನೆಯವರು ತಲೆ ತಗ್ಗಿಸಿ ಒಳಗೆ ಬರಬೇಕು. ಸಂಬಳ ಮೂರೂವರೆ ಸಾವಿರ, ಅದೂ ತಿಂಗಳ ಹದಿನೈದಕ್ಕೆ.

ಈಗಿನ ಮಾತು ಹೇಳುತ್ತೇನೆ. ದಾವಣಗೆರೆಯಲ್ಲಿ ದೊಡ್ಡ ಆಸ್ಪತ್ರೆಗಳಿಗೆ ಕೊರತೆಯಿಲ್ಲ. 1965ರಲ್ಲಿ ಶುರುವಾದ ಜೆಜೆಎಂ ಮೆಡಿಕಲ್ ಕಾಲೇಜು, ಎಸ್‌ಎಸ್ ಮೆಡಿಕಲ್ ಕಾಲೇಜು, ಚಿಗಟೇರಿ ಜಿಲ್ಲಾ ಆಸ್ಪತ್ರೆ, ಪಿ.ಜೆ. ಬಡಾವಣೆಯ ಸಾಲು ಸಾಲು ನರ್ಸಿಂಗ್ ಹೋಮುಗಳು. ಚಿತ್ರದುರ್ಗದಲ್ಲಿ ಬಸವೇಶ್ವರ ಮೆಡಿಕಲ್ ಕಾಲೇಜು, ಜಿಲ್ಲಾ ಆಸ್ಪತ್ರೆ, ಈಚೆಗೆ ಸರಕಾರಿ ಮೆಡಿಕಲ್ ಕಾಲೇಜು ಬೇರೆ. ಖಾಸಗಿಯಲ್ಲಿ ಹೊಸದಾಗಿ ಬಿಪಿಟಿ ಮುಗಿಸಿದವರಿಗೆ ನಾನು ಕಂಡ ಮಟ್ಟಿಗೆ ಹನ್ನೆರಡರಿಂದ ಹದಿನೆಂಟು ಸಾವಿರ. ಬೆಂಗಳೂರಿನಲ್ಲಿ ಇದಕ್ಕಿಂತ ಆರೇಳು ಸಾವಿರ ಹೆಚ್ಚು ಸಿಗಬಹುದು, ಪಿಜಿ ಬಾಡಿಗೆ ಊಟಕ್ಕೆ ಅದು ಹೋಗುತ್ತದೆ. ಬಿ.ಎಡ್ ಮಾಡಿದವಳು, ನರ್ಸಿಂಗ್ ಮಾಡಿದವಳು ಇದಕ್ಕಿಂತ ಚೆನ್ನಾಗಿದ್ದಾಳೆ ಎಂದು ನೆಂಟರು ಹೇಳುತ್ತಾರೆ. ಮೊದಲ ಮೂರು ವರ್ಷದ ಮಟ್ಟಿಗೆ ಅವರ ಮಾತು ಸರಿ.

ಸರಕಾರಿ ಕಾಯಂ ಹುದ್ದೆ ಜಿಲ್ಲೆಗೆ ಬೆರಳೆಣಿಕೆ. ಅದನ್ನು ನಂಬಿ ಯಾರೂ ಈ ಓದಿಗೆ ಬರಬೇಡಿ. ಗುತ್ತಿಗೆಯವು ಮಾತ್ರ ಅಲ್ಲಲ್ಲಿ ಇವೆ, ಯಾವ ಹೆಸರಿನಲ್ಲಿ ಕರೆಯುತ್ತಾರೆ ಎಂದು ಗೊತ್ತಿಲ್ಲದೆ ನಮ್ಮ ಮಕ್ಕಳು ಅವನ್ನು ತಪ್ಪಿಸಿಕೊಳ್ಳುತ್ತಾರೆ. ರಾಷ್ಟ್ರೀಯ ಆರೋಗ್ಯ ಅಭಿಯಾನದಡಿ ವೃದ್ಧರ ಆರೈಕೆ ಕಾರ್ಯಕ್ರಮ ಇದೆ, ಅದರಲ್ಲಿ ಫಿಸಿಯೋಥೆರಪಿಸ್ಟ್ ಹುದ್ದೆ ಬರುತ್ತದೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿ, ಶಾಲೆಗಳಲ್ಲಿ ಮಕ್ಕಳನ್ನು ಪರೀಕ್ಷಿಸಿ, ನಡಿಗೆ ತಡವಾದವರು, ಮಾತು ಬಾರದವರು, ಕಿವಿ ಕೇಳದವರು ಸಿಕ್ಕರೆ ಜಿಲ್ಲಾ ಆಸ್ಪತ್ರೆಯ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ ಕಳಿಸುತ್ತವೆ. ಡಿಇಐಸಿ ಎಂದು ಕರೆಯುವ ಈ ಕೇಂದ್ರದಲ್ಲಿ ಫಿಸಿಯೋಥೆರಪಿಸ್ಟ್, ವಾಕ್ ಮತ್ತು ಶ್ರವಣ ತಜ್ಞರು, ಮನಶ್ಶಾಸ್ತ್ರಜ್ಞರು, ವಿಶೇಷ ಶಿಕ್ಷಕರು ಎಲ್ಲರಿಗೂ ಜಾಗ ಇದೆ. ಸಂಬಳ ದೊಡ್ಡದಲ್ಲ, ಗುತ್ತಿಗೆ ವರ್ಷ ವರ್ಷ ನವೀಕರಿಸಬೇಕು, ಮಾರ್ಚ್ ಬಂತೆಂದರೆ ಎದೆ ಡವಡವ. ಆದರೆ ಕಲಿಯಲು ಇದಕ್ಕಿಂತ ಒಳ್ಳೆಯ ಜಾಗ ನಮ್ಮ ಕಡೆ ಇಲ್ಲ. ಸೆರೆಬ್ರಲ್ ಪಾಲ್ಸಿ ಮಗುವನ್ನು ಆರು ತಿಂಗಳ ವಯಸ್ಸಿನಲ್ಲೇ ಹಿಡಿದು ಕೆಲಸ ಮಾಡಿದವಳಿಗೆ ಆಮೇಲೆ ಯಾವ ಮಗುವನ್ನು ಕಂಡರೂ ಭಯವಾಗುವುದಿಲ್ಲ.

ದಾವಣಗೆರೆಗೆ ಇನ್ನೊಂದು ಅನುಕೂಲ ಇದೆ, ಊರಿನವರಿಗೇ ಹೆಚ್ಚು ಗೊತ್ತಿಲ್ಲ. ಅಂಗವಿಕಲರ ಕೌಶಲಾಭಿವೃದ್ಧಿ, ಪುನರ್ವಸತಿ ಮತ್ತು ಸಬಲೀಕರಣಕ್ಕಾಗಿ ಕೇಂದ್ರ ಸರಕಾರ ನಡೆಸುವ ಸಂಯುಕ್ತ ಪ್ರಾದೇಶಿಕ ಕೇಂದ್ರ, ಅಂದರೆ ಸಿಆರ್‌ಸಿ, ಇಲ್ಲೇ ಇದೆ. ಸಿಕಂದರಾಬಾದಿನ ರಾಷ್ಟ್ರೀಯ ಸಂಸ್ಥೆಯ ಕೈಕೆಳಗೆ ನಡೆಯುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಏಳು ಬಗೆಯ ಅಂಗವೈಕಲ್ಯಗಳ ಪಟ್ಟಿಯನ್ನು ಇಪ್ಪತ್ತೊಂದಕ್ಕೆ ಏರಿಸಿದ ಮೇಲೆ ಇಂಥ ಕೇಂದ್ರಗಳಿಗೆ ಬರುವವರು ಹೆಚ್ಚಾಗಿದ್ದಾರೆ. ಮಗಳನ್ನು ಒಮ್ಮೆ ಅಲ್ಲಿಗೆ ಕರೆದುಕೊಂಡು ಹೋಗಿ. ಫಿಸಿಯೋಥೆರಪಿ ಒಂದೇ ದಾರಿಯಲ್ಲ ಎಂದು ಅಲ್ಲಿ ಕಣ್ಣಾರೆ ಗೊತ್ತಾಗುತ್ತದೆ.

ನನ್ನನ್ನು ಕೇಳಿದರೆ, ಕೆಲಸವೊಂದೇ ಮುಖ್ಯವಾದವರು ವಾಕ್ ಮತ್ತು ಶ್ರವಣ ವಿಜ್ಞಾನದ ಬಿಎಎಸ್‌ಎಲ್‌ಪಿ ಬಗ್ಗೆ ಯೋಚಿಸಬೇಕು. ಮೈಸೂರಿನ ವಾಕ್ ಶ್ರವಣ ಸಂಸ್ಥೆ, ಜನ 'ಆಯಿಷ್' ಅನ್ನುತ್ತಾರಲ್ಲ, ಅದರ ಪದವಿಗೆ ದೇಶದಲ್ಲೇ ಬೆಲೆ ಇದೆ. ನಮ್ಮ ಎರಡು ಜಿಲ್ಲೆಯ ತಾಲೂಕು ಕೇಂದ್ರಗಳಲ್ಲಿ ಮಾತಿನ ಚಿಕಿತ್ಸಕರನ್ನು ಹುಡುಕಿ ನೋಡಿ, ಹೊಸದುರ್ಗದ ತಾಯಿ ಮಗುವನ್ನು ಕಟ್ಟಿಕೊಂಡು ದಾವಣಗೆರೆಗೋ ಶಿವಮೊಗ್ಗಕ್ಕೋ ಏಕೆ ಬಸ್ಸು ಹತ್ತುತ್ತಾಳೆ ಅಂತ ತಿಳಿಯುತ್ತದೆ. ಆಕ್ಯುಪೇಷನಲ್ ಥೆರಪಿ, ಅಂದರೆ ಗುಂಡಿ ಹಾಕುವುದು, ತುತ್ತು ಕಲಸುವುದು, ಬರೆಯುವುದು ಮೊದಲಾದ ನಿತ್ಯದ ಕೆಲಸಗಳನ್ನು ಮತ್ತೆ ಕಲಿಸುವ ವಿದ್ಯೆ. ಅದನ್ನು ಓದಿದವರು ಇನ್ನೂ ವಿರಳ. ಮಣಿಪಾಲದಂಥ ಕೆಲವೇ ಕಡೆ ಕಲಿಸುತ್ತಾರೆ, ಆಟಿಸಂ ಮಕ್ಕಳ ತಂದೆತಾಯಿ ಅವರಿಗಾಗಿ ಕಾದು ಕೂರುತ್ತಾರೆ. ಕೃತಕ ಕೈಕಾಲು ಮಾಡುವ ಪ್ರಾಸ್ಥೆಟಿಕ್ಸ್ ಕೂಡ ಹಾಗೆಯೇ. ಒಂದು ತೊಡಕು: ಈ ವಿಷಯಗಳಲ್ಲಿ ಕೆಲವಕ್ಕೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಬೇಕು, ಫಿಸಿಯೋಥೆರಪಿಗೆ ಅದು ಸಂಬಂಧವಿಲ್ಲ. ಕಾಲೇಜಿನ ಮಾನ್ಯತೆ ಯಾರದು ಎಂದು ಸೇರುವ ಮೊದಲು ಕೇಳಿ ಬರೆದುಕೊಳ್ಳಿ.

ಖೋಖೋ ಆಡಿದ ಹುಡುಗಿ ಅಂದಿರಿ, ಕ್ರೀಡಾ ಫಿಸಿಯೋ ಆಗಬೇಕು ಅಂತ ಅವಳಿಗೆ ಆಸೆ ಇರುತ್ತದೆ, ಸಹಜ. ದಾವಣಗೆರೆಯಲ್ಲಿ ಕುಸ್ತಿಯ ಪರಂಪರೆ ಇದೆ, ಗರಡಿಗಳಿವೆ, ಕ್ರೀಡಾ ಹಾಸ್ಟೆಲ್ ಇದೆ, ಪೆಟ್ಟಾದ ಹುಡುಗರಿಗೂ ಬರವಿಲ್ಲ. ಅವರಲ್ಲಿ ಕೊಡಲು ದುಡ್ಡಿಲ್ಲ. ಪೂರ್ತಿ ಕ್ರೀಡೆಯನ್ನೇ ನಂಬುವುದಾದರೆ ಬೆಂಗಳೂರಿಗೆ ಹೋಗಬೇಕು. ಇಲ್ಲಿ ಇರುವುದಾದರೆ ಭಾನುವಾರದ ಹವ್ಯಾಸ ಅಂದುಕೊಳ್ಳಲಿ. ಆದರೆ ಆಟವಾಡಿದ ಮೈ ಈ ವೃತ್ತಿಗೆ ಬಂಡವಾಳ. ಎಂಬತ್ತು ಕಿಲೋ ತೂಕದ ರೋಗಿಯನ್ನು ಹಾಸಿಗೆಯಿಂದ ಎಬ್ಬಿಸಿ ಕೂರಿಸುವುದು ಪುಸ್ತಕದಿಂದ ಬರುವುದಿಲ್ಲ.

ಇನ್ನು ಸ್ವಂತ ಕ್ಲಿನಿಕ್. ನಮ್ಮ ಕಡೆ ನಿಜವಾಗಿ ಬದುಕಿದವರೆಲ್ಲ ಕೊನೆಗೆ ಇಲ್ಲಿಗೇ ಬಂದವರು. ನೋವಿಗೆ ಕರೆಂಟ್ ಕೊಡುವ ಐಎಫ್‌ಟಿ ಯಂತ್ರ, ಚಿಕಿತ್ಸೆಯ ಅಲ್ಟ್ರಾಸೌಂಡ್, ಬೆನ್ನು ಕತ್ತು ಎಳೆಯುವ ಟ್ರಾಕ್ಷನ್ ಮಂಚ, ಮೇಜು, ಸಣ್ಣಪುಟ್ಟ ವ್ಯಾಯಾಮದ ಸಾಮಾನು ಸೇರಿ ಎರಡೂವರೆ ಮೂರು ಲಕ್ಷದಲ್ಲಿ ಶುರುಮಾಡಬಹುದು. ಒಂದು ಸಿಟ್ಟಿಂಗಿಗೆ ಇನ್ನೂರೈವತ್ತು ರೂಪಾಯಿ ಹಿಡಿಯಿರಿ. ದಿನಕ್ಕೆ ಎಂಟು ಜನ, ತಿಂಗಳಿಗೆ ಇಪ್ಪತ್ನಾಲ್ಕು ದಿನ, 48,000. ಬಾಡಿಗೆ, ಸಹಾಯಕಿಯ ಸಂಬಳ, ಕರೆಂಟು ಬಿಲ್ಲು (ಈ ಕರೆಂಟಿಗೆ ನಾವೇ ಕೊಡಬೇಕು), ರಿಪೇರಿ ಅಂತ ಹದಿನೆಂಟು ಸಾವಿರ ಕಳೆದರೆ ಮೂವತ್ತು ಉಳಿಯುತ್ತದೆ. ಆದರೆ ದಿನಕ್ಕೆ ಎಂಟು ಜನ ತಪ್ಪದೆ ಬರುವಂತಾಗಲು ನನಗೆ ಮೂರು ವರ್ಷ ಹಿಡಿಯಿತು. ಮನೆಗೆ ಹೋಗಿ ಮಾಡಿದರೆ ಮುನ್ನೂರರಿಂದ ಐನೂರು ಕೊಡುತ್ತಾರೆ, ಪೆಟ್ರೋಲು ನಮ್ಮದೇ.

ಒಂದು ಕಹಿ ಮಾತು. ರೋಗಿ ಕಳಿಸಿದ್ದಕ್ಕೆ ಪಾಲು ಕೇಳುವ ವೈದ್ಯರಿದ್ದಾರೆ. ಒಬ್ಬರಂತೂ ನನ್ನನ್ನು ಕೂರಿಸಿಕೊಂಡು "ನೂರಕ್ಕೆ ನಲವತ್ತು" ಅಂತ ಮುಖಕ್ಕೇ ಹೇಳಿದ್ದರು. ಕೊಡಲಿಲ್ಲ. ಎರಡು ವರ್ಷ ಆ ಕಡೆಯಿಂದ ಒಬ್ಬ ರೋಗಿಯೂ ಬರಲಿಲ್ಲ. ನನ್ನನ್ನು ಉಳಿಸಿದವರು ಹಳ್ಳಿಯ ಪುನರ್ವಸತಿ ಕಾರ್ಯಕರ್ತರು. ಗ್ರಾಮ ಪಂಚಾಯಿತಿಗೊಬ್ಬರಂತೆ ವಿಆರ್‌ಡಬ್ಲ್ಯು ಎಂದು ಇರುತ್ತಾರೆ, ಬಹಳಷ್ಟು ಜನ ತಾವೇ ಅಂಗವಿಕಲರು, ಸಿಗುವುದು ಗೌರವಧನ. ಯಾರ ಮನೆಯಲ್ಲಿ ಯಾರು ಹಾಸಿಗೆ ಹಿಡಿದಿದ್ದಾರೆ ಎಂದು ಅವರಿಗೆ ಬಾಯಿಪಾಠ. ಅವರ ಫೋನ್ ಬಂದರೆ ನಾನು ಇವತ್ತಿಗೂ ಊಟ ಬಿಟ್ಟು ಎತ್ತಿಕೊಳ್ಳುತ್ತೇನೆ. ಆಶಾ ಕಾರ್ಯಕರ್ತೆಯರೂ ಹಾಗೆಯೇ.

ಹೆಣ್ಣುಮಗಳು ಎಂಬುದು ಇಲ್ಲಿ ಅಡ್ಡಿಯಲ್ಲ, ಅನುಕೂಲ. ಹೆರಿಗೆಯಾದ ಮೇಲೆ ಸೊಂಟ ಸಡಿಲವಾದವರು, ಕೆಮ್ಮಿದರೆ ಸೀನಿದರೆ ಮೂತ್ರ ಸೋರುವವರು, ಸ್ತನದ ಆಪರೇಷನ್ ಆಗಿ ತೋಳು ಊದಿಕೊಂಡವರು ಗಂಡಸರ ಮುಂದೆ ಬಾಯಿಬಿಡುವುದಿಲ್ಲ. ನನ್ನ ಬಳಿ ಬರುವವರಲ್ಲಿ ಅರ್ಧಕ್ಕಿಂತ ಹೆಚ್ಚು ಹೆಂಗಸರು. ತಾಲೂಕು ಮಟ್ಟದಲ್ಲಿ ಈ ಚಿಕಿತ್ಸೆ ಕೊಡುವ ಹೆಣ್ಣುಮಕ್ಕಳು ಇಲ್ಲವೆಂದರೂ ನಡೆಯುತ್ತದೆ. ಮನೆ ಭೇಟಿಗೆ ಮಾತ್ರ ಗಂಡಸು ರೋಗಿಯಾದರೆ ಮನೆಯ ಹೆಂಗಸು ಇರುವ ಹೊತ್ತಿಗೇ ಹೋಗುವುದು, ಮೊದಲ ಭೇಟಿಗೆ ಯಾರನ್ನಾದರೂ ಜೊತೆಗೆ ಕರೆದೊಯ್ಯುವುದು, ಈ ನಿಯಮ ನಾನು ಇಪ್ಪತ್ತೆರಡು ವರ್ಷದಲ್ಲಿ ಮುರಿದಿಲ್ಲ.

ಕಾಗದಪತ್ರದ ವಿಚಾರ ಎರಡು ಮಾತಿನಲ್ಲಿ ಮುಗಿಸುತ್ತೇನೆ. ಕ್ಲಿನಿಕ್ ತೆರೆಯಲು 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ, ಜನ ಕೆಪಿಎಂಇ ಅನ್ನುವುದು ಇದನ್ನೇ, ನೋಂದಣಿ ಬೇಕು. ಅದರ ಜೊತೆಗೆ 2021ರಲ್ಲಿ ಸಂಸತ್ತು ಮಾಡಿದ ಸಹವರ್ತಿ ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆ ಬಂದಿದೆ. ಇಷ್ಟು ವರ್ಷ ಆರು ತಿಂಗಳ ಮಸಾಜ್ ಕೋರ್ಸು ಮಾಡಿದವನೂ ನಾವೂ ಒಂದೇ ಬೋರ್ಡು ಹಾಕುತ್ತಿದ್ದೆವು, ಇದು ಪೂರ್ತಿ ಜಾರಿಯಾದರೆ ನೋಂದಣಿ ಇಲ್ಲದವರು ಹಾಕುವಂತಿಲ್ಲ. ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದ ಬಿಪಿಟಿ ಇಲ್ಲಿಯವರೆಗೆ ನಾಲ್ಕು ವರ್ಷ, ಮೇಲೆ ಆರು ತಿಂಗಳ ಇಂಟರ್ನ್‌ಶಿಪ್ ಇತ್ತು. 2025ರಲ್ಲಿ ಆಯೋಗ ಹೊರಡಿಸಿದ ಹೊಸ ಪಠ್ಯಕ್ರಮ ಇಂಟರ್ನ್‌ಶಿಪ್ಪನ್ನು ಒಂದು ವರ್ಷ ಮಾಡಿ ಒಟ್ಟು ಐದು ವರ್ಷಕ್ಕೆ ಏರಿಸಿದೆ. ನೀವು ಖರ್ಚಿನ ಲೆಕ್ಕ ಐದು ವರ್ಷಕ್ಕೇ ಹಾಕಿ. ಹೆಸರಿನ ಹಿಂದೆ 'ಡಾ.' ಹಾಕಬಹುದೋ ಇಲ್ಲವೋ ಎಂದು 2025ರ ಸೆಪ್ಟೆಂಬರಿನಲ್ಲಿ ದೆಹಲಿಯಿಂದ ಒಂದು ದಿನ ಬೇಡ ಎಂದು ಪತ್ರ ಬಂತು, ಮರುದಿನ ಅದೇ ಪತ್ರ ವಾಪಸ್ಸಾಯಿತು. ಆ ಜಗಳ ದೊಡ್ಡವರು ಮಾಡಿಕೊಳ್ಳಲಿ. ನಮ್ಮ ರೋಗಿಗಳು ಹೇಗೂ "ಕರೆಂಟ್ ಮೇಡಂ" ಅಂತಲೇ ಕರೆಯುತ್ತಾರೆ.

ಕಾಲೇಜು ಆರಿಸುವಾಗ ಕಟ್ಟಡ ನೋಡಬೇಡಿ. ಅವರದೇ ಆಸ್ಪತ್ರೆ ಇದೆಯೇ, ಅಲ್ಲಿ ದಿನಕ್ಕೆ ಎಷ್ಟು ರೋಗಿಗಳು ಬರುತ್ತಾರೆ, ಐಸಿಯು ಒಳಗೆ ವಿದ್ಯಾರ್ಥಿಗಳನ್ನು ಬಿಡುತ್ತಾರೆಯೇ, ಇಷ್ಟು ಕೇಳಿ. ಇಂಟರ್ನ್‌ಶಿಪ್ ಮಾಡುತ್ತಿರುವ ಹುಡುಗಿಯರನ್ನು ಕ್ಯಾಂಟೀನಿನಲ್ಲಿ ಸಿಕ್ಕಿ ಮಾತಾಡಿಸಿದರೆ ಪ್ರಿನ್ಸಿಪಾಲರು ಹೇಳದಿದ್ದೂ ಸಿಗುತ್ತದೆ. ಓದು ಮುಗಿದ ಮೇಲೆ ಎರಡು ವರ್ಷ ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ದೊಡ್ಡ ಪುನರ್ವಸತಿ ವಿಭಾಗದಲ್ಲಿ ದುಡಿಯಲಿ, ಲಕ್ವ ಮತ್ತು ಬೆನ್ನುಹುರಿಯ ಕೆಲಸ ಕೈಗೆ ಹತ್ತಲಿ. ಆಮೇಲೆ ಬರುವುದಾದರೆ ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ಹದಿನೈದನೆಯವಳಾಗಿ ಕೂರುವುದಕ್ಕಿಂತ ಚನ್ನಗಿರಿಯಲ್ಲೋ ಹೊಳಲ್ಕೆರೆಯಲ್ಲೋ ಮೊದಲನೆಯವಳಾಗಿ ಕೂರಲಿ. ತಾಯಿಯ ಆಸೆಯೂ ಈಡೇರುತ್ತದೆ.

ಮತ್ತೂ ಕೆನಡಾ ಮನಸ್ಸಿನಲ್ಲಿದ್ದರೆ ಬಿಪಿಟಿ ಆದ ಮೇಲೆ ಆ ಬಾಗಿಲು ಮುಚ್ಚುವುದಿಲ್ಲ. ಅಲ್ಲಿನವರು ಪದವಿ ಪರಿಶೀಲಿಸುತ್ತಾರೆ, ಪರೀಕ್ಷೆ ಬರೆಸುತ್ತಾರೆ. ಹೋದವರಲ್ಲಿ ಕೆಲವರು ಪರೀಕ್ಷೆ ದಾಟುವವರೆಗೆ ಸಹಾಯಕರಾಗಿ ದುಡಿಯುವುದನ್ನು ಕಂಡಿದ್ದೇನೆ. ದೀರ್ಘ ದಾರಿ, ಆದರೆ ಆ ಹೊತ್ತಿಗೆ ಅವಳ ಕೈಯಲ್ಲಿ ಎರಡೂ ಕಡೆ ನಡೆಯುವ ವಿದ್ಯೆ ಇರುತ್ತದೆ.

ಸೀಟಿಗೆ ದುಡ್ಡು ಕಟ್ಟುವ ಮೊದಲು ಒಂದು ವಾರ ಬೆಳಗ್ಗೆ ಹತ್ತಕ್ಕೆ ಅವಳನ್ನು ಜಿಲ್ಲಾ ಆಸ್ಪತ್ರೆಯ ಫಿಸಿಯೋಥೆರಪಿ ಕೋಣೆಗೆ ಕಳಿಸಿ. ಅನುಮತಿ ಕೇಳಿದರೆ ಸಾಮಾನ್ಯವಾಗಿ ಕೂರಲು ಬಿಡುತ್ತಾರೆ. ಮಂಡಿ ಮಡಚಲು ಅಳುವ ಅಜ್ಜಿ, ಅದೇ ಹೆಜ್ಜೆಯನ್ನು ನಲವತ್ತನೇ ಸಲ ಇಡುತ್ತಿರುವ ಲಕ್ವದ ಮನುಷ್ಯ, ಕೂರಲಾರದ ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಮೊಬೈಲಿನಲ್ಲಿ ಹೊತ್ತು ನೋಡುವ ತಾಯಿ, ಇವರನ್ನೆಲ್ಲ ನೋಡಿ ಸಂಜೆ ಮನೆಗೆ ಬಂದು ಅವಳು ಏನು ಹೇಳುತ್ತಾಳೋ ಕೇಳಿ. ಏನೂ ಹೇಳದೆ ಮರುದಿನ ತಾನಾಗಿ ಚಪ್ಪಲಿ ಮೆಟ್ಟಿಕೊಂಡು ಹೊರಟರೆ, ಫಾರಂ ತುಂಬಿ.